ಅಕ್ಕನ ಮಾಳಿಗೆಗೆ ತವರಿನ ನೆಟ್ಟು

ನಾನು ಮುಧೋಳದ ಕಾಲೇಜೊಂದರಲ್ಲಿ ಇತಿಹಾಸ ಹೇಳುವವನು. ಸತ್ತ ರಾಜರ ವಿಷಯ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಮೊಬೈಲಿನಲ್ಲಿ ಒಂದಷ್ಟು ವಿಡಿಯೊ ನೋಡಿದ ಮೇಲೆ, ಎರಡು ಮನೆಗಳ ನಡುವೆ ತಂತಿಯಿಲ್ಲದೆ ಇಂಟರ್ನೆಟ್ ದಾಟಿಸುವುದು ನೀರು ಕುಡಿದಷ್ಟು ಸಲೀಸು ಅನ್ನಿಸಿಬಿಟ್ಟಿತು. ಜಮಖಂಡಿಗೆ ಹೋಗಿ ಎರಡು ಬಿಳಿ ಡಬ್ಬಿ ಕೊಂಡು ತಂದೆ. ಒಂದು ನನ್ನ ಮಾಳಿಗೆಗೆ, ಇನ್ನೊಂದು ಅಕ್ಕನ ಮಾಳಿಗೆಗೆ.

ನಾನಿರುವುದು ಮಗ್ಗಗಳ ಊರು ಬನಹಟ್ಟಿಯಲ್ಲಿ. ಅಕ್ಕನನ್ನೂ ಇಲ್ಲೇ, ನಮ್ಮ ಹಿಂದಿನ ಓಣಿಗೇ ಕೊಟ್ಟದ್ದು. ಅವಳ ಗಂಡನನ್ನು ನಾವೆಲ್ಲ ಮಾಮಾ ಅನ್ನುತ್ತೇವೆ. ಮಗ್ಗ ನಡೆಸುವವರು ಮಾಮಾ. ಆದರೆ ಸೀರೆಯ ಯಾವ ಒಡಲಿಗೆ ಯಾವ ದಡಿ ಅಂಚಿಗೆ ಬರಬೇಕು, ಯಾವ ಸೆರಗು ಎಂಬುದನ್ನೆಲ್ಲ ಗೊತ್ತು ಮಾಡುವವಳು ಅಕ್ಕ. ಸಾವಕಾರ ಸೀರೆ ಒಯ್ಯಲು ಬಂದಾಗ ಮಾತ್ರ ಅವಳು ಬಾಗಿಲ ಹಿಂದೆ. ಸಾವಕಾರ ಸೀರೆ ತಿರುವಿ ಹಾಕಿ ತಾನೇ ಒಂದು ರೇಟು ಹೇಳುತ್ತಾನೆ, ಮಾಮಾ ಗೋಣು ಹಾಕುತ್ತಾರೆ, ವ್ಯಾಪಾರ ಮುಗಿಯಿತು.

"ಮೊಬೈಲನ್ಯಾಗ ಹೆಣಮಕ್ಕಳು ಸೀರಿ ತೋರಿಸಿ ಮಾರಾಕತ್ತಾರಲ್ಲೋ ತಮ್ಮಾ, ನಾನೂ ಮಾರತೇನಿ. ಒಂದ ಸಲನಾರ ನನ್ನ ಸೀರಿ ರೇಟ ನನ್ನ ಬಾಯಿಲೆ ಹೇಳಬೇಕಲೇ" ಎಂದಳು ಒಂದು ದಿನ. ಈ ಮಾತನ್ನು ಎಷ್ಟು ವರ್ಷದಿಂದ ನುಂಗಿಕೊಂಡಿದ್ದಳೋ!

ಅವಳ ಮನೆ ಮಗ್ಗದ ತಗಡಿನ ಶೆಡ್ಡಿಗೆ ಅಂಟಿಕೊಂಡಿರುವುದರಿಂದ ಮೊಬೈಲ್ ಸಿಗ್ನಲ್ಲು ಹೊಸ್ತಿಲು ದಾಟುವುದಿಲ್ಲ. ಕೇಬಲಿನವರು ನಮ್ಮ ಓಣಿಯವರೆಗೆ ಬಂದು, ಮುಂದೆ ಕಂಬ ಇಲ್ಲವೆಂದು ತಿರುಗಿ ಹೋಗಿದ್ದರು. ಹಾಗಾಗಿ ನನ್ನ ಮನೆಯ ನೆಟ್ಟೇ ಅವಳಿಗೆ ಗತಿ. ಇದಕ್ಕೆ ಮಾಮಾ ಒಪ್ಪಬೇಕಲ್ಲ!

"ಮದವ್ಯಾಗ ಹೆಣ್ಣಿನ ಮನಿದು ಒಂದ ಚಮಚಾ ಸೈತ ತಗೊಂಡಿಲ್ಲ ನಾ. ಇಡೀ ಊರಿಗೆ ಗೊತ್ತೈತಿ. ಈಗ ಗಾಳ್ಯಾಗ ತಗೊಂಡ್ನಿ ಅಂದ್ರ ನಾಕ ಮಂದಿ ಏನಂತಾರ?"

"ಸೀರಿ ಮಾರಿದ ಮ್ಯಾಲ ತಿರಗಿ ಕೊಡತೇನಿ ಬಿಡ್ರಿ" ಎಂದಳು ಅಕ್ಕ.

"ಏನ ಕೊಡತೀ? ಗಾಳಿ?"

ಮೂರು ದಿನ ಮಾಮಾ ಊಟದ ತಾಟನ್ನು ಮಗ್ಗದ ಶೆಡ್ಡಿಗೇ ತರಿಸಿಕೊಂಡರಂತೆ. ಕೊನೆಗೆ ಮಾಮಾ, "ಏನರೆ ಮಾಡಕೋರಿ" ಎಂದು ಕೈ ಝಾಡಿಸಿಬಿಟ್ಟರು. ನಾನು ಇದನ್ನೇ ಒಪ್ಪಿಗೆ ಅಂತ ತಿಳಿದೆ.

ಅಮಾವಾಸ್ಯೆ, ಮಗ್ಗಗಳಿಗೆ ರಜೆಯ ದಿನ ನೋಡಿ ಕೆಲಸಕ್ಕೆ ಇಳಿದೆವು. ಊರೆಲ್ಲ ಗಪ್‌ಚಿಪ್. ನನ್ನ ಮಾಳಿಗೆಯ ಮೇಲೆ ನಾನು, ಅವಳ ಮಾಳಿಗೆಯ ಮೇಲೆ ಅವಳು. ನಡುವೆ ಒಂದೇ ಮನೆ, ನೂಲಿಗೆ ಬಣ್ಣ ಹಾಕುವ ಹೆಂಗಸಿನದು; ಓಣಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ.

"ಬಲಕ್ಕ ತಿರವು! ಏ ಯಕ್ಕಾ, ನಿನ್ನ ಬಲಕ್ಕಲ್ಲ, ನನ್ನ ಬಲಕ್ಕ!" ಎಂದು ನಾನು ಒದರಿದರೆ, ಕಾಕು ತನ್ನ ಖಾಲಿ ಮಾಳಿಗೆಯ ನಡುವೆ ನಿಂತು ಅದನ್ನೇ ಇನ್ನೂ ಜೋರಾಗಿ ಅಕ್ಕನಿಗೆ ಒದರುತ್ತಿದ್ದಳು. ಅಂತೂ ಎರಡೂ ಡಬ್ಬಿಗಳಲ್ಲಿ ಹಸಿರು ದೀಪ ಹತ್ತಿದವು. ಅಕ್ಕನ ಮೊಬೈಲಿನಲ್ಲಿ ವಿಡಿಯೊ ಎಲ್ಲೂ ನಿಲ್ಲದೆ ಓಡಿತು. ನಾನು ಮೀಸೆ ತಿರುವುವುದೊಂದು ಬಾಕಿ. "ಇನ್ನ ಕಾಲೇಜ ಬಿಟ್ಟು ಇದನ್ನ ಹಿಡೀರಿ" ಎಂದಳು ನನ್ನ ಹೆಂಡತಿ. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮರುದಿನ ಮಗ್ಗಗಳು ಶುರುವಾದವು, ನೆಟ್ಟು ಸತ್ತಿತು. ಮಗ್ಗದ ಗದಗದಕ್ಕೆ ಡಬ್ಬಿ ಅಲುಗಿತೆಂದು ಬಿಗಿದು ಕಟ್ಟಿದೆ. ಕರೆಂಟಿನವರನ್ನು ಬೈದೆ. ಪಾರಿವಾಳಗಳನ್ನು ಬೈದೆ. ಡಬ್ಬಿ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿ ಬೈದೆ. ಉದ್ದನೆಯ ಗಳ ಕಟ್ಟಿ ಎತ್ತರಿಸಿದರೆ, ಡಬ್ಬಿ ಗಾಳಿಗೆ ತಲೆಯಾಡಿಸತೊಡಗಿತು. ಸಂಜೆಯಾದರೆ ಮಾತ್ರ ಎಲ್ಲ ತನ್ನಷ್ಟಕ್ಕೇ ಸರಿ!

"ಏನ್ ಮಾಸ್ತರ, ನಿಮ್ಮ ನೆಟ್ಟ ಸಂಜೀಕ ಡ್ಯೂಟಿಗೆ ಬರತೈತೇನು?" ಎಂದರು ಮಾಮಾ. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲೇ ಇಲ್ಲ.

ಸಂಜೆ ತೋರಿಸಿದರಾಯಿತಲ್ಲ ಎಂದರೆ ಅಕ್ಕ ಕೇಳಲಿಲ್ಲ. "ಲೈಟಿನ ಬೆಳಕಿನ್ಯಾಗ ಬಣ್ಣ ಸುಳ್ಳ ಹೇಳತಾವ. ನಾ ಹಗಲ ಹೊತ್ತಿನ್ಯಾಗನ ತೋರಿಸಾಕಿ." ಸಾಂಗ್ಲಿ, ಪುಣೆ, ಲೋಕಾಪುರದ ಬಂಧುಬಳಗಕ್ಕೆಲ್ಲ ರವಿವಾರ ಮುಂಜಾನೆ ಎಂದು ಆಗಲೇ ಹೇಳಿಬಿಟ್ಟಿದ್ದಳು. ಅವತ್ತು ಆಗದಿದ್ದರೆ ಸೀರೆಗಳೆಲ್ಲ ಎಂದಿನಂತೆ ಸಾವಕಾರನಿಗೆ, ಎಂದಿನಂತೆ ಅವನು ಹೇಳಿದ ರೇಟಿಗೆ.

ಶನಿವಾರ ರಜೆ ಹಾಕಿ ಬೆಳಗಿನಿಂದ ಮಾಳಿಗೆಯ ಮೇಲೆಯೇ ಕೂತೆ. ಆಗ ಕಣ್ಣಿಗೆ ಬಿತ್ತು. ಕಾಕುವಿನ ಮಾಳಿಗೆಯ ತುಂಬ ಗಳದ ಮೇಲೆ ಗಳ, ಅದರ ಮೇಲೆಲ್ಲ ಆಗಷ್ಟೇ ಬಣ್ಣದಿಂದ ತೆಗೆದು ಒಣಹಾಕಿದ ನೂಲಿನ ಲಡಿಗಳು. ಕುಂಕುಮದ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಸಂಜೆಯ ಹೊತ್ತಿಗೆ ಲಡಿಗಳು ಒಣಗಿದಂತೆ ನನ್ನ ಡಬ್ಬಿಯ ದೀಪಗಳು ಒಂದೊಂದಾಗಿ ಹತ್ತಿದವು. ಹಸಿ ನೂಲು ನೆಟ್ಟನ್ನು ಕುಡಿದುಬಿಡುತ್ತಿತ್ತು! ನಡುವೆ ಗೋಡೆ ಇರಬಾರದು, ಮರ ಇರಬಾರದು ಎಂದು ವಿಡಿಯೊದವರು ಸಾರಿ ಸಾರಿ ಹೇಳಿದ್ದರು. ಪಾಪ, ಅವರ ಮಗ್ಗುಲಲ್ಲಿ ಬಣ್ಣದ ಮನೆ ಇರಲಿಲ್ಲ. ರಜೆಯ ದಿನ ಗಳಗಳೆಲ್ಲ ಖಾಲಿ ಇದ್ದಾಗ ಡಬ್ಬಿ ಕಟ್ಟಿ, ನಾನು ಊರನ್ನೇ ಗೆದ್ದವನಂತೆ ಮೆರೆದಿದ್ದೆ.

ಇಸ್ತ್ರಿ ಅಂಗಿ ತೊಟ್ಟು ಕಾಕುವಿನ ಮನೆಗೆ ಹೋದೆ. "ನಾಳೆ ಒಂದ ದಿನ ಲಡಿ ಬ್ಯಾರೆ ಕಡೆ ಹಾಕ್ತೀರೇನ್ರಿ ಕಾಕು? ನಮ್ಮ ಅಕ್ಕನ ನೆಟ್ಟಿಗೆ ಅಡ್ಡ ಆಗಾಕತ್ತಾವ."

ಕಾಕು ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಆ ನೂಲು ಯಾರದಂತ ತಿಳಿದೀಯೋ ಯಪ್ಪಾ? ನಿಮ್ಮ ಅಕ್ಕಂದ! ಮೊಬೈಲನ್ಯಾಗ ತೋರಿಸಾಕ ಹೊಸಾ ಬಣ್ಣ ಬೇಕಂತ ದಿನಾ ಒಂದ ಹೇಳಿ ಹೋಗತಾಳ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಕ್ಕ ಸೀರೆ ಮಾರಿದಷ್ಟೂ ನೂಲು ಬೇಕು, ನೂಲು ಹೆಚ್ಚಾದಷ್ಟೂ ನೆಟ್ಟು ಇಲ್ಲ, ನೆಟ್ಟಿಲ್ಲದೆ ಸೀರೆ ಮಾರುವಂತಿಲ್ಲ. ಎಂಥ ವ್ಯವಸ್ಥೆ ಮಾಡಿದ್ದೆ ನಾನು!

ರವಿವಾರ ಮುಂಜಾನೆ ಕಾಕು ತಾನಾಗಿಯೇ ಅಕ್ಕನ ಮನೆಗೆ ಬಂದು, ಲಡಿಗಳನ್ನು ಒಂದು ತಾಸು ಇಳಿಸಿಡುತ್ತೇನೆ ಎಂದಳು. ಹಸಿ ನೂಲನ್ನು ಇಳಿಸಿ ಗುಂಪು ಹಾಕಿದರೆ ಬಣ್ಣ ಕಲೆ ಬೀಳುತ್ತದೆ. ಅಕ್ಕ ಖಡಾಖಡಿ ಬೇಡವೆಂದಳು. "ನೂಲು ಕೆಡಿಸಿ ಸೀರಿ ಮಾರೂದು ಎಲ್ಲೀ ಶಾಣ್ಯಾತನ? ಬಿಡು, ನನ್ನ ಹಣೇಬರಾನ ಇಷ್ಟು." ಹಾಗೆಂದವಳು ತೋರಿಸಲೆಂದು ತೆಗೆದಿಟ್ಟ ಸೀರೆಗಳನ್ನು ಗಂಟು ಕಟ್ಟತೊಡಗಿದಳು. ಮಾಮಾ ಶೆಡ್ಡಿನ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಅವಳ ಮುಖ ನೋಡಲಾಗದೆ ನಾನು ನನ್ನ ಮಾಳಿಗೆಗೆ ಓಡಿ, ಸತ್ತ ಡಬ್ಬಿಯನ್ನು ಸುಮ್ಮನೆ ಆ ಕಡೆ ಈ ಕಡೆ ತಿರುವುತ್ತ ನಿಂತೆ.

ನೋಡುತ್ತೇನೆ, ಕಾಕುವಿನ ಮಾಳಿಗೆಯ ಮೆಟ್ಟಿಲೇರಿ ಮಾಮಾ ಬರುತ್ತಿದ್ದಾರೆ! ತಮ್ಮ ಮಾಳಿಗೆಯಿಂದ ಬಿಚ್ಚಿ ತಂದ ಡಬ್ಬಿ ಕಂಕುಳಲ್ಲಿ. ಹಿಂದೆ ಸೀರೆಯ ಗಂಟು ಹೊತ್ತ ಅಕ್ಕ, ಅವಳ ಹಿಂದೆ ಕಾಕು. ಡಬ್ಬಿಯ ವೈರನ್ನು ಮೆಟ್ಟಿಲ ಮಗ್ಗುಲಿನ ಪ್ಲಗ್ಗಿಗೆ ಸಿಕ್ಕಿಸಿ, ಮಾಮಾ ಲಡಿಗಳ ಈಚೆಗೆ ಬಂದರು. ಗಳಗಳೆಲ್ಲ ನೂಲಿನಿಂದ ತುಂಬಿ ಕಟ್ಟಲು ಜಾಗವಿಲ್ಲ. ಡಬ್ಬಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ, ನನ್ನ ಮನೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

"ಹತ್ತೇತೇನ್ ನೋಡ್ರಿ ಮಾಸ್ತರ!"

ಹಸಿರು ದೀಪ ಹತ್ತಿತ್ತು. ಮೆಟ್ಟಿಲು ಹಾರಿ ಹಾರಿ ಇಳಿದು ನಾನೂ ಅಲ್ಲಿಗೆ ಓಡಿದೆ. ಹಿಂದೆ ಕುಂಕುಮದ ಬಣ್ಣದ ಲಡಿಗಳು, ಮುಂದೆ ಅಕ್ಕ. ಮೊದಮೊದಲು ಅವಳು ಒಂದೇ ಸೀರೆಯನ್ನು ಮಡಿಸುತ್ತ ಬಿಚ್ಚುತ್ತ ನಿಂತಳು. ಸಾಂಗ್ಲಿಯ ಯಾರೋ ಮರಾಠಿಯಲ್ಲಿ ದಡಿಯ ಬಗ್ಗೆ ಕೇಳಿದ್ದೇ ತಡ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಶುರು ಮಾಡಿದವಳು ನಿಲ್ಲಲೇ ಇಲ್ಲ. ಸೆರಗು ಬಿಚ್ಚಿ ಬಿಸಿಲಿಗೆ ಹಿಡಿದು ರೇಟು ಹೇಳಿದಳು. ತಡವರಿಸದೆ, ಯಾರ ಮುಖವನ್ನೂ ನೋಡದೆ ಹೇಳಿದಳು. ನನಗೆ ಅಳು ಬಂತು. ಗಾಳಿ ಬೀಸಿದಾಗಲೆಲ್ಲ ಮಾಮಾರ ಬಿಳಿ ಅಂಗಿಯ ಬೆನ್ನಿಗೆ ಬಣ್ಣದ ಹನಿ ಬೀಳುತ್ತಿತ್ತು. "ಕೊಡ್ರಿ ಮಾಮಾ, ನಾ ಹಿಡೀತೇನಿ" ಎಂದರೆ ಕಣ್ಣು ಕೆಕ್ಕರಿಸಿದರು.

ಎಲ್ಲ ತೋರಿಸಿ ಮುಗಿಸಿ, ಕೈ ಮುಗಿದು, ಅಕ್ಕ ಮೊಬೈಲ್ ಆರಿಸಿದಳು. ಅಷ್ಟರಲ್ಲಿ ಮಾಮಾರ ಕಿಸೆಯ ಫೋನು ಬಡಿದುಕೊಂಡಿತು. ತೆಗೆಯುವಂತೆ ನನಗೆ ಗೋಣಿನಿಂದಲೇ ಸನ್ನೆ ಮಾಡಿದರು. ತೆಗೆದು ಸ್ಪೀಕರಿಗೆ ಹಾಕಿ ಹಿಡಿದೆ. ಸಾವಕಾರ.

"ಎಲ್ಲಾ ನೋಡಿದ್ನೆಪಾ ಮೊಬೈಲನ್ಯಾಗ. ಛಲೋ ಅದಾವ. ಉಳದದ್ದೆಲ್ಲಾ ನಾನ ಒಯ್ತೇನಿ. ಹೆಣಮಗಳು ಏನೋ ಒಂದ ರೇಟ ಅಂದ್ಳು, ಅದಿರಲಿ. ನೀ ಹೇಳು ಖರೆ ರೇಟ."

ಅಕ್ಕ ಮಡಿಸುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟಳು. ಲೈವು ಮುಗಿದಿತ್ತು, ಡಬ್ಬಿಗೆ ಇನ್ನು ಏನೂ ಕೆಲಸವಿರಲಿಲ್ಲ. ಅದು ನನ್ನಷ್ಟೇ ಮಾಮಾರಿಗೂ ಗೊತ್ತಿತ್ತು. ಇಳಿಸಿರೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅದನ್ನು ಇನ್ನೊಂದಿಷ್ಟು ಮೇಲಕ್ಕೆ ಎತ್ತಿದರು.

"ನಾ ಡಬ್ಬಿ ಹಿಡಕೊಂಡು ನಿಂತೇನ್ರಿ ಸಾವಕಾರ್ರ, ನನಗ ಈಗ ಮಾತಾಡಾಕ ಆಗಂಗಿಲ್ಲ. ಸೀರಿ ಆಕೀವು. ಆಕೀನ್ನ ಕೇಳ್ರಿ."

ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟೆ.