ನಿಲ್ಲದ ಬಸ್ಸು, ಇಳಿದ ಬಿ.ಪಿ.

ಬಿ.ಪಿ. ನೋಡಲು ಕೂರಿಸಿದ್ದಕ್ಕೆ ಬಸ್ ಡ್ರೈವರು ಸಿಟ್ಟಿನಿಂದ ಮುಷ್ಟಿ ಬಿಗಿದ ರಭಸಕ್ಕೆ, ಮಡಚಿ ಮೇಲೇರಿಸಿದ್ದ ಖಾಕಿ ತೋಳಿನ ಗುಂಡಿ ಟಪ್ಪೆಂದು ಹಾರಿ ಡಿಪೋ ಡಾಕ್ಟರ ಚಹಾದ ಲೋಟಕ್ಕೆ ಬಿತ್ತು. ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಡ್ರೈವರಿಗೆ ಕಿವಿಯವರೆಗೂ ಬಿಸಿಯಾಯಿತು.

"ನೂರ ಐವತ್ತೆಂಟು, ತೊಂಬತ್ತೆಂಟು," ಎಂದರು ಡಾಕ್ಟರು, ಗುಂಡಿಯನ್ನು ಚಮಚದಿಂದ ಎತ್ತುತ್ತ. "ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ. ಮೂರು ತಿಂಗಳಲ್ಲಿ ಇಳಿದ್ರೆ ಬಸ್ಸು ನಿಮ್ದೇ. ಇಳೀದಿದ್ರೆ ಮಾತ್ರೆ. ಅಲ್ಲೀತನಕ ಟೈರ್ ಗೋಡೌನಲ್ಲಿ ಕೆಲಸ."

"ನಡೀಬೇಕಾ? ದಿನಕ್ಕೆ ನೂರೆಂಬತ್ತು ಕಿಲೋಮೀಟರ್ ಹೋಗ್ತೀನಿ ಸ್ವಾಮಿ!"

"ಹೋಗೋದು ಬಸ್ಸು. ನೀವು ಕೂತಿರ್ತೀರಿ."

ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಕೈಗೆ ಟೈರಿನ ಮಸಿ! ಮನೆಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ತಲುಪಿ, ಅಡುಗೆಮನೆಯ ಉಪ್ಪಿನ ಡಬ್ಬಿ ಅಟ್ಟ ಸೇರಿತ್ತು. ಹೆಂಡತಿ ಅವನ ಖಾಕಿ ಜೇಬಿನಿಂದ ಉಪ್ಪು ಹಚ್ಚಿದ ಕಡಲೆಬೀಜದ ಪೊಟ್ಟಣ ಎಳೆದಳು.

"ಇದೇನ್ರೀ?"

"ಅದು ಊಟ ಅಲ್ಲ ಕಣೇ, ಡ್ಯೂಟಿ. ಗೇರ್ ಪಕ್ಕ ಇಟ್ಕೊಳ್ಳೋದು."

"ಟೈರಿಗೆ ಗೇರ್ ಇದೆಯಾ?"

ಪೊಟ್ಟಣ ಕಸದ ಬುಟ್ಟಿಗೆ ಹೋಯಿತು. ಡ್ರೈವರು ಸಪ್ಪೆ ಸಾರಿನ ಮೇಲೆ, ಡಾಕ್ಟರ ಮೇಲೆ, ಚಮಚದ ಮೇಲೂ ಹರಿಹಾಯ್ದ. ನಡೆಯುವ ಮಾತಂತೂ ಎತ್ತುವ ಹಾಗೇ ಇರಲಿಲ್ಲ.

ಮರುದಿನ ಸಂಜೆ ಗೋಡೌನು ಮುಗಿಸಿ, ಜನ್ಮದಲ್ಲಿ ಮೊದಲ ಸಲ ಬಸ್‌ಸ್ಟಾಪಿನಲ್ಲಿ ಸಾಮಾನ್ಯ ಪ್ರಯಾಣಿಕನಂತೆ ನಿಂತ. ಅವನದೇ ಬಸ್ಸು ಬಂತು. ಓಡಿಸುತ್ತಿದ್ದವನು ಅವನೇ ಕೆಲಸ ಕಲಿಸಿದ ಶಿಷ್ಯ. ಕೈ ಚಾಚಿದರೆ, ಶಿಷ್ಯ ಹಿಂದೆ ಇನ್ನೊಂದು ಬರ್ತಿದೆ ಎಂಬಂತೆ ಹೆಬ್ಬೆರಳು ತೋರಿಸಿ, ಹೊಗೆ ಉಗುಳಿ ಹೋದ. ಆ ಹೆಬ್ಬೆರಳು ತೋರಿಸುವುದನ್ನೂ ಕಲಿಸಿದ್ದವನು ಇವನೇ.

"ಲೇ ಅಯೋಗ್ಯಾ!" ಎಂದು ಕೂಗಿದ.

ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿ, "ಸುಮ್ನಿರಪ್ಪ. ಇಲ್ಲೊಬ್ಬ ದಪ್ಪ ಮೀಸೆಯವನು ಬಸ್ ತರ್ತಿದ್ದ, ಅವನಂತೂ ತಿರುಗಿಯೂ ನೋಡ್ತಿರಲಿಲ್ಲ. ಹಾಳಾದೋನು ಈಗ ಕಾಣಿಸ್ತಿಲ್ಲ," ಎಂದಳು.

ಡ್ರೈವರು ಮೀಸೆಯ ಮೇಲೆ ಕೈ ಮುಚ್ಚಿಕೊಂಡು ಅಲ್ಲಿಂದ ಕಾಲ್ತೆಗೆದ. ನಾಲ್ಕು ಕಿಲೋಮೀಟರು, ಶಿಷ್ಯನನ್ನು ಬೈಯುತ್ತ, ಅರ್ಧ ದಾರಿಯ ನಂತರ ತನ್ನನ್ನೇ ಬೈದುಕೊಳ್ಳುತ್ತ ನಡೆದ. ಮರುದಿನವೂ ಬಸ್ಸು ನಿಲ್ಲಲಿಲ್ಲ. ಮೂರನೆಯ ದಿನದಿಂದ ಅವನು ಕೈ ಚಾಚಲೂ ಇಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಚಹಾದ ಲೋಟವನ್ನು ದೂರ ಸರಿಸಿ ಪಟ್ಟಿ ಸುತ್ತಿದರು. ನೂರ ಮೂವತ್ತು, ಎಂಬತ್ತೆರಡು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದರು. ಆಗಲೂ ಅಷ್ಟೇ.

"ಭೇಷ್! ಹೇಗ್ರೀ ಇಳಿಸಿದ್ರಿ?"

"ನಮ್ಮೋರು ಬಸ್ ನಿಲ್ಲಿಸ್ಲಿಲ್ಲ, ಡಾಕ್ಟ್ರೇ."