ನಾಲ್ಕನೇ ಪ್ರೆಸ್ಸಿನ ‘ಟಕ್’

ಡಬ್ಬದ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ ಪ್ರೆಸ್ಸಿನ ಮುಂದೆ ಕೂತು ತಗಡು ಒತ್ತಿಸಿ ಎಡಗಿವಿ ಪೂರ್ತಿ ಹೋಗಿತ್ತು. ಉಳಿದ ಒಂದೇ ಕಿವಿಯಲ್ಲಿ, ಯಾವ ಮೆಷಿನ್ನಿನ ಎಣ್ಣೆ ಒಣಗಿದೆ, ಯಾವುದರ ಬೆಲ್ಟು ಸಡಿಲವಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು.

ನಾಲ್ಕನೇ ಪ್ರೆಸ್ಸಿಗೆ ಒಂದು ದುರ್ಗುಣ ಅಂಟಿಕೊಂಡಿದ್ದು ಅವಳಿಗೇ ಮೊದಲು ಕೇಳಿಸಿತು. ಕಾಲಲ್ಲಿ ಪೆಡಲ್ ಒತ್ತಿದರೆ ‘ದಡ್’ ಎಂದು ಬೀಳಬೇಕು, ಮೇಲೇರಿ ಸುಮ್ಮನಾಗಬೇಕು. ಇದು ಮೇಲೇರಿ, ಅರೆ ಉಸಿರು ಬಿಟ್ಟು, ‘ಟಕ್’ ಅನ್ನುತ್ತಿತ್ತು. ಒಳಗೆ ಹಿಡಿತ ಜಾರುತ್ತಿದೆ, ಪೆಡಲ್ ಮುಟ್ಟದಿದ್ದರೂ ಒಂದು ದಿನ ಬಿದ್ದೀತು ಎಂದು ಮೆಕ್ಯಾನಿಕ್ಕಿಗೆ ಹೇಳಿದಳು.

“ಎಣ್ಣೆ ನಿನ್ನ ಕಿವಿಗೆ ಬಿಟ್ಕೋ ಅಕ್ಕಾ. ಮೆಷಿನ್ನಿಗೆ ನಾನಿದೀನಿ,” ಎಂದ ಅವನು.

ಅದೇ ದಿನಗಳಲ್ಲಿ ಅವಳ ತಂಗಿಯ ಮಗಳು ಮನೆಗೆ ಬಂದು ಬೆನ್ನು ಬಿದ್ದಳು. ಮೂವರು ಗೆಳತಿಯರನ್ನು ಕಟ್ಟಿಕೊಂಡು ಗಿಟಾರ್ ಬಾರಿಸಿ ಕಿರುಚುವ ಹುಡುಗಿ ಅದು. ಅವರ ಮೊದಲ ಆಲ್ಬಂ ತಯಾರಾಗುತ್ತಿತ್ತು.

“ಪಂಕ್ ರಾಕ್ ದೊಡ್ಡಮ್ಮಾ. ಸಿಟ್ಟಿನ ಹಾಡು. ಡ್ರಮ್ಮಿನ ಜೊತೆ ನಿಮ್ಮ ಕಾರ್ಖಾನೆ ಸದ್ದೇ ಬೇಕು.”

“ಆ ಸದ್ದು ತಪ್ಪಿಸ್ಕೊಳ್ಳೋಕೆ ನಾನು ಹತ್ತಿ ತುರುಕ್ಕೋತೀನಿ, ನೀನು ಹುಡುಕ್ಕೊಂಡು ಬರ್ತೀಯಲ್ಲೇ!”

ಬೈದರೂ ಮ್ಯಾನೇಜರನ ಮುಂದೆ ಹಲ್ಲು ಗಿಂಜಿ ಒಪ್ಪಿಗೆ ತಂದವಳು ದೊಡ್ಡಮ್ಮನೇ. ಊಟದ ಬಿಡುವಿನಲ್ಲಿ ಉಳಿದೆಲ್ಲ ಮೆಷಿನ್ ನಿಂತಿದ್ದಾಗ, ತಾನೇ ಕೂತು ನಾಲ್ಕನೇ ಪ್ರೆಸ್ ಹೊಡೆದು ತೋರಿಸಿದಳು. ಹುಡುಗಿ ಮೈಕ್ ಹಿಡಿದು ರೆಕಾರ್ಡ್ ಮಾಡಿಕೊಂಡಳು. ದಡ್… ಟಕ್. ದಡ್… ಟಕ್.

ತಿಂಗಳು ಕಳೆಯುವಷ್ಟರಲ್ಲಿ ಆ ಪ್ರೆಸ್ ತಾನಾಗಿ ಬಿತ್ತು. ಅವತ್ತು ಅಲ್ಲಿ ಕೂತಿದ್ದವಳು ಗಿಣಿ, ಕಿವಿಯಕ್ಕನ ಜೊತೆ ಕೆಲಸ ಮಾಡುತ್ತಿದ್ದ, ಬಾಯಿ ಮುಚ್ಚಿ ಗೊತ್ತಿಲ್ಲದ ಗೆಳತಿ. ಬಲಗೈಯ ಮೂರು ಬೆರಳು ಹೋದವು. ಮಾರನೆಯ ದಿನವೇ ಮೆಷಿನ್ನಿನ ಒಳಗಿನ ಭಾಗ ಹೊಸದಾಯಿತು, ಹಳೆಯದು ಗುಜರಿಗೆ ಹೋಯಿತು. ಗಿಣಿ ಹರಟೆಯಲ್ಲಿ ಮೈಮರೆತು ಪೆಡಲ್ ಒತ್ತಿದಳು, ತಪ್ಪು ಅವಳದೇ ಎಂದು ಮ್ಯಾನೇಜರ್ ಬರೆದ. ತಪ್ಪು ಅವಳದಾದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ.

ವಿಚಾರಣೆಗೆ ಬಂದ ಅಧಿಕಾರಿಯೆದುರು ಕಿವಿಯಕ್ಕ ಎದ್ದು ನಿಂತಳು. “ಮೊದಲೇ ಕೆಟ್ಟಿತ್ತು ಸ್ವಾಮಿ. ಸಾಕ್ಷಿ ಇದೆ. ಅದರ ಸದ್ದು ಹಾಡಲ್ಲಿದೆ.”

ಎಲ್ಲರೂ ನಕ್ಕರು. ಆದರೂ ಅಧಿಕಾರಿ ಒಂದು ವಾರ ಕೊಟ್ಟರು. ಅವಳು ಹುಡುಗಿಗೆ ಫೋನ್ ಮಾಡಿ, “ಆ ಸದ್ದು ತಗೊಂಡು ಬಾ, ಗಿಣಿ ಪಾಲಿಗೆ ಅದೊಂದೇ ಇರೋದು,” ಎಂದಷ್ಟೇ ಹೇಳಿದಳು. ಹುಡುಗಿ ಆಗಷ್ಟೇ ಬಿಡುಗಡೆಯಾದ ಆಲ್ಬಂ ಹಿಡಿದು ವಿಚಾರಣೆಯ ಹೊತ್ತಿಗೆ ಓಡೋಡಿ ಬಂದಳು. ಅದರ ಹೆಸರು ‘ಮುಚ್ಚಳ’. ಮೇಲೆ ಅಚ್ಚಾಗಿದ್ದುದನ್ನು ಅಧಿಕಾರಿ ಗಟ್ಟಿಯಾಗಿ ಓದಿದರು: “ಮೂರನೇ ಹಾಡಿನ ಸದ್ದು ನಾಲ್ಕನೇ ಪ್ರೆಸ್. ನಡೆಸಿದವರು ನಮ್ಮ ದೊಡ್ಡಮ್ಮ.”

ಹಾಡು ಹಾಕಿದರು. ಗಿಟಾರ್ ಗರಗಸದ ಹಾಗೆ ಕೊಯ್ಯಿತು. ಹುಡುಗಿಯ ದನಿ ‘ಕೇಳಿಸ್ತಾ? ಕೇಳಿಸ್ತಾ?’ ಎಂದು ಗಂಟಲು ಹರಿದುಕೊಂಡಿತು. ಅದರ ಕೆಳಗೆ ಪ್ರೆಸ್ ಬೀಳುತ್ತಿತ್ತು. ದಡ್. ದಡ್. ದಡ್. ಕಿವಿಯಕ್ಕ ಬಲಗಿವಿಯನ್ನು ಸ್ಪೀಕರಿಗೇ ಆನಿಸಿದಳು. ದಡ್. ದಡ್.

“ಗಡಿಯಾರದ ಹಾಗೆ ಹೊಡೀತಿದೆಯಲ್ಲಮ್ಮಾ,” ಎಂದರು ಅಧಿಕಾರಿ.

“ನಾನು ಹೇಳಿದ್ದೂ ಅದನ್ನೇ ಸಾರ್,” ಎಂದ ಮ್ಯಾನೇಜರ್. “ಇದನ್ನೂ ಫೈಲಿಗೆ ಸೇರಿಸಿಬಿಡಿ.”

ಕಿವಿಯಕ್ಕ ಅಂಗೈಯಿಂದ ಮೇಜು ಬಡಿದು, ನಡುವೆ ಉಗುರಿನಿಂದ ಕುಟ್ಟಿ ತೋರಿಸಿದಳು. “ಹೀಗೆ ಸ್ವಾಮಿ! ದಡ್… ಟಕ್!”

“ನೀವು ಮೇಜು ಕುಟ್ಟಿದ್ದನ್ನ ನಾನು ಹೇಗಮ್ಮಾ ಬರ್ಕೊಳ್ಳಲಿ?”

ಹೊರಗಿನ ಮೆಟ್ಟಿಲ ಹತ್ತಿರ ಹುಡುಗಿಯ ರಟ್ಟೆ ಹಿಡಿದು ನಿಲ್ಲಿಸಿದಳು. “ಟಕ್ ಎಲ್ಲೇ?”

“ಅದಾ? ತಾಳ ಕೆಡಿಸ್ತಿತ್ತು ದೊಡ್ಡಮ್ಮಾ. ಒಂದೊಂದನ್ನೇ ಹುಡುಕಿ ಕತ್ತರಿಸಿದ್ವಿ. ಎರಡು ದಿನ ಹಿಡೀತು.”

“ಮೊದಲು ಮೈಕಲ್ಲಿ ಹಿಡಿದಿದ್ದು?”

“ಅಳಿಸಿಬಿಟ್ವಿ. ಮೆಷಿನ್ ಸರಿಯಾಗಿ ಹೊಡೀಲಿಲ್ಲ ಅಂತ ಯಾರಾದ್ರೂ ನಿಮ್ಮನ್ನ ಆಡ್ಕೊಂಡ್ರೆ ಅಂತ…” ಆಗ ಹುಡುಗಿಗೆ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದಳು.

ಗಿಣಿ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಬಂದಳು. ದಿನವಿಡೀ ಮಾತಾಡುತ್ತಿದ್ದವಳು ಒಂದೇ ಮಾತು ಆಡಿದಳು: “ನಿನ್ನ ಕಿವಿ ನಂಬ್ಕೊಂಡು ಕೂತಿದ್ನಲ್ಲಕ್ಕಾ.”

ಸೋಮವಾರ ಕಿವಿಯಕ್ಕನನ್ನು ನಾಲ್ಕನೇ ಪ್ರೆಸ್ಸಿಗೆ ಕೂರಿಸಿದರು. ಪೆಡಲ್ ಒತ್ತಿದಳು. ‘ದಡ್’ ಎಂದು ಬಿತ್ತು, ಮೇಲೇರಿತು, ಸುಮ್ಮನಾಯಿತು. ಥೇಟ್ ಆ ಹಾಡಿನಲ್ಲಿದ್ದ ಹಾಗೆ. ಆದರೂ ಅವಳ ಕೈ ತಗಡಿನ ಹತ್ತಿರ ಹೋಗದೆ ಅರೆ ಉಸಿರು ಕಾಯಿತು.

“ಏನ್ ಕಿವಿಯಕ್ಕಾ, ಕೈ ಬೇಗ ಬೇಗ ಓಡ್ಲಿ!” ಎಂದು ಮೇಸ್ತ್ರಿ ಕೂಗಿದ.

ಅವಳು ಎಡಗಿವಿಯನ್ನು ಅವನ ಕಡೆ ತಿರುಗಿಸಿ ಕೂತಳು.