ಸ್ವಂತದ್ದೋ, ಬಾಡಿಗೆಯದೋ

ಇವತ್ತು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಒಳಕೋಣೆಯಲ್ಲಿ ಮಗಳ ಫೋನಿನಿಂದ ಒಂದಷ್ಟು ಜನ ಒಟ್ಟಿಗೆ ನಕ್ಕದ್ದು ಕೇಳಿಸಿತು. ಹಳೆಯ ಇಂಗ್ಲಿಷ್ ಹಾಸ್ಯ ಧಾರಾವಾಹಿಗಳಲ್ಲಿ ಮಾತು ಮಾತಿಗೂ ಬರುತ್ತಿತ್ತಲ್ಲ, ಮುಖ ಕಾಣದವರ ನಗು, ಅದೇ. ಅದನ್ನು ಕೇಳಿದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಸ್ಟೆಲ್ಲಾ ಆಂಟಿ ನೆನಪಾಗುತ್ತಾರೆ.

ತೊಂಬತ್ತರ ದಶಕದ ಕೊನೆಗೆ ನಾವು ರಾಯಚೂರಿನಿಂದ ಬೆಂಗಳೂರಿಗೆ ಬಂದು ಕಾಕ್ಸ್ ಟೌನಿನಲ್ಲಿ ಆಂಟಿಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ಯಜಮಾನರಿಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಕೆಳಗಿನ ಮನೆಯಲ್ಲಿ ಆಂಟಿ. ಮದುವೆಯಾಗದೆ, ಶಾಲೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಮನೆಮಾತು ತಮಿಳು, ಸಿಟ್ಟು ಇಂಗ್ಲಿಷಿನಲ್ಲಿ, ನನ್ನ ಜೊತೆ ಮಾತ್ರ ಕನ್ನಡ. ನಮ್ಮಲ್ಲಿ ಕೇಬಲ್ ಇರಲಿಲ್ಲವಾದ್ದರಿಂದ ಸಂಜೆಯಾದರೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿಯುತ್ತಿದ್ದೆ. ಆಂಟಿ ಬೇಕರಿ ಬನ್ನಿಗೆ ಬೆಣ್ಣೆ ಸವರಿ ಕೊಡುತ್ತಿದ್ದರು. ಆಮೇಲೆ ಧಾರಾವಾಹಿ.

ಅದರಲ್ಲಿ ದೊಡ್ಡ ಊರಿನ ಎತ್ತರದ ಕಟ್ಟಡದಲ್ಲಿ ಒಂದು ಫ್ಲ್ಯಾಟು. ಗೋಡೆಯಗಲದ ಕಿಟಕಿ, ನಮ್ಮ ಇಡೀ ಮಹಡಿಯಷ್ಟು ದೊಡ್ಡ ಅಡುಗೆಮನೆ, ಸೋಫಾದಲ್ಲಿ ಕಾಲು ಚಾಚಿದ ಹುಡುಗ ಹುಡುಗಿಯರು. ಅವರು ಕೆಲಸಕ್ಕೆ ಹೋದದ್ದನ್ನು ನಾನಂತೂ ನೋಡಲಿಲ್ಲ. ಜೋಕುಗಳು ಅರ್ಧ ತಿಳಿಯುತ್ತಿರಲಿಲ್ಲ. ಆ ಮುಖ ಕಾಣದವರು ನಕ್ಕಾಗ ನಾನೂ ನಗುತ್ತಿದ್ದೆ. ನನ್ನ ಕಣ್ಣೆಲ್ಲ ಮನೆಯ ಮೇಲೆ.

“ಇದು ಅವರ ಸ್ವಂತದ್ದೇ ಇರ್ಬೇಕು ಆಂಟಿ,” ಎಂದೆ ಒಂದು ದಿನ. “ಗೋಡೆ ತುಂಬ ಎಷ್ಟು ಮೊಳೆ ಹೊಡ್ದಾರ ನೋಡ್ರಿ.”

ಮೊಳೆಯ ಮಾತು ನಾನು ಬೇಕೆಂದೇ ಎತ್ತಿದ್ದು. ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಆಂಟಿಯ ಮೊದಲ ಷರತ್ತು. ಮದುವೆಯ ಫೋಟೋ ಎರಡು ವರ್ಷದಿಂದ ನಮ್ಮ ಬೀರುವಿನ ಮೇಲೆ ಒರಗಿಕೊಂಡಿತ್ತು.

ಆಂಟಿ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. “ಬಾಡಿಗೇದೇ ಅಮ್ಮಾ. ಸ್ವಂತ ಮನೆ ಇರೋರು ಇಷ್ಟು ನಗಲ್ಲ.”

ಆ ವಾದ ತಿಂಗಳುಗಟ್ಟಲೆ ನಡೆಯಿತು. ನಾನು ಸೋತಂತೆ ನಟಿಸಿದರೂ ಒಳಗೊಳಗೇ ಒಪ್ಪಿರಲಿಲ್ಲ. ಅಂಥ ಕಿಟಕಿ ನಮಗೂ ಇರಬೇಕೆಂದು ಯಜಮಾನರ ತಲೆ ತಿಂದೆ. ಕೊನೆಗೊಂದು ಭಾನುವಾರ ಇಂದಿರಾನಗರದಲ್ಲಿ ಏಳುತ್ತಿದ್ದ ಐಷಾರಾಮಿ ಕಟ್ಟಡದ ಮಾದರಿ ಫ್ಲ್ಯಾಟು ನೋಡಲು ಹೋದೆವು. ಥೇಟ್ ಧಾರಾವಾಹಿಯ ಮನೆ! ಸೋಫಾದಲ್ಲಿ ಕೂತೆ, ಏಳಲು ಮನಸ್ಸಾಗಲಿಲ್ಲ. ಟಿ.ವಿ. ಮಾತ್ರ ರಟ್ಟಿನದು. ಮೇಜಿನ ಮೇಲಿನ ಸೇಬನ್ನು ಮಗಳು ಕಚ್ಚಿದಳು, ಪ್ಲಾಸ್ಟಿಕ್ಕು.

“ತಗೊಳ್ಳೋಣೇನು?” ಎಂದರು ಯಜಮಾನರು. ನಾನು ತಲೆಯಾಡಿಸಿದೆ. ಮುಂದಿನ ಶನಿವಾರ ಬಂದು ಸಹಿ ಹಾಕುವುದೆಂದಾಯಿತು.

ಆಸೆಪಟ್ಟದ್ದು ಕೈಗೆ ಬರುವಾಗ ಸಂತೋಷವಾಗಬೇಕಲ್ಲ? ನನಗೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷದ ಸಾಲ ಎದೆಯ ಮೇಲೆ ಕೂತಿತ್ತು. ಅದಕ್ಕಿಂತ, ಆಂಟಿಗೆ ಹೇಗೆ ಹೇಳುವುದು? ಕಳ್ಳಿಯ ಹಾಗೆ ಅವರ ಕಣ್ಣು ತಪ್ಪಿಸಿ ಓಡಾಡಿದೆ. ನಾಲ್ಕು ಸಂಜೆ ಕೆಳಗಿಳಿಯಲೇ ಇಲ್ಲ. ಗುರುವಾರ ನೋಡುತ್ತೇನೆ, ಇಬ್ಬರು ಗಂಡಸರು ಟೇಪು ಹಿಡಿದು ಕಾಂಪೌಂಡ್ ಅಳೆಯುತ್ತಿದ್ದಾರೆ! ಆಂಟಿಗೆ ವಿಷಯ ಗೊತ್ತಾಗಿ, ನಮ್ಮನ್ನು ಬಿಡಿಸಿ ಏನೋ ಕಟ್ಟಿಸಲು ಹೊರಟಿದ್ದಾರೆ ಅಂದುಕೊಂಡೆ.

ಶುಕ್ರವಾರ ಸಂಜೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆಯ ಸದ್ದು. ಮಂಡಿನೋವೆಂದು ಎಂದೂ ಮಹಡಿ ಹತ್ತದ ಆಂಟಿ ಏದುಸಿರು ಬಿಡುತ್ತ ಬಂದು ಕುರ್ಚಿಯಲ್ಲಿ ಕುಸಿದರು.

“ನಿನಗೊಂದು ವಿಷಯ ಹೇಳ್ಬೇಕಮ್ಮಾ. ಒಂದು ವಾರದಿಂದ ನಿದ್ದೆ ಇಲ್ಲ.”

“ನಾನೂ ಹೇಳ್ಬೇಕಿತ್ತು ಆಂಟಿ.”

“ಮೊದಲು ನಾನು. ಈ ಮನೆ ಮಾರ್ತಿದೀನಿ. ಚಿಕ್ಕ ಮಗು ಇಟ್ಕೊಂಡಿರೋ ನಿನ್ನ ಹೇಗೆ ಕಳಿಸೋದು ಅಂತ... ಸಾರಿ ಅಮ್ಮಾ.”

“ಮಾರಿ ನೀವು ಎಲ್ಲಿಗೆ ಹೋಗ್ತೀರಿ?”

ಆಂಟಿ ತುಸು ನಾಚಿದರು. “ಬಾಡಿಗೆ ಮನೆಗೆ. ಇಪ್ಪತ್ತಾರು ವರ್ಷದವಳಿದ್ದಾಗ ಅಪ್ಪ ಇದನ್ನ ನನ್ನ ತಲೆಗೆ ಕಟ್ಟಿದ್ರು. ಅವತ್ತಿಂದ ಹೆಂಚು, ಮೋಟಾರು, ಸಂಪು, ಸುಣ್ಣ. ಸಾಕಾಗಿದೆ. ಸಾಯೋದ್ರೊಳಗೆ ಒಂದು ಸಲ ಟೆನೆಂಟ್ ಆಗ್ಬೇಕು ನಾನು.”

ನನಗೆ ಮೊದಲು ನಗು ಬಂತು, ಆಮೇಲೆ ಅಳು. ಮಾದರಿ ಫ್ಲ್ಯಾಟಿನ ಕಥೆಯೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿಜವಾಗ್ಲೂ ಬೇಕಾ ನಿನಗೆ?”

“ಬೇಡ,” ಎಂದೆ. ಬಾಯಿಂದ ಬಂದ ಮೇಲೆಯೇ ನನಗೂ ಅದು ಗೊತ್ತಾದದ್ದು.

ಆ ದಿನ ಯಜಮಾನರು ಬಂದು ಬೂಟು ಬಿಚ್ಚುವುದರೊಳಗೆ ಫ್ಲ್ಯಾಟು ಬೇಡವೆಂದು ಹೇಳಿಬಿಟ್ಟೆ. ಒಂದು ಕಾಲಿನ ಬೂಟು ಕೈಯಲ್ಲಿ ಹಿಡಿದು ಅವರು ಗೋಡೆಗೊರಗಿದರು. “ಖರೇ ಹೇಳ್ತೀಯೇನು? ನಾಕು ದಿನದಿಂದ ನಾನೂ ಅದನ್ನಽ ಹೆಂಗ ಹೇಳ್ಲಿ ಅಂತ ಒದ್ದಾಡಾಕತ್ತೀನಿ.” ಅಷ್ಟು ಹಗುರಾದ ಅವರ ಮುಖವನ್ನು ನಾನು ಬೆಂಗಳೂರಿಗೆ ಬಂದ ಮೇಲೆ ಕಂಡಿರಲಿಲ್ಲ.

ಎರಡು ರಸ್ತೆ ಆಚೆ ಲಿಫ್ಟ್ ಇದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಓನರಿನ ಎರಡು ಮನೆ ಖಾಲಿಯಿದ್ದವು. ಎರಡನೆಯ ಮಹಡಿಗೆ ಆಂಟಿ, ಮೂರನೆಯದಕ್ಕೆ ನಾವು. ಸಾಮಾನು ಇಳಿಸಿದ ಮರುದಿನವೇ ಆಂಟಿ ಸ್ನಾನದ ಮನೆಯ ನಲ್ಲಿ ಪರೀಕ್ಷಿಸಿ, ಸೀರೆ ಸರಿಮಾಡಿಕೊಂಡು ಫೋನಿನ ಮುಂದೆ ಕೂತರು.

“ಹಲೋ, ಟೆನೆಂಟ್ ಮಾತಾಡ್ತಿರೋದು. ನಲ್ಲಿ ಸೋರ್ತಿದೆ. ನಾನ್ಯಾಕ್ರೀ ಪ್ಲಂಬರ್ ಹುಡುಕ್ಲಿ? ಓನರ್ ನೀವು, ನೀವೇ ಕಳಿಸ್ಬೇಕು!”

ಫೋನಿಟ್ಟರು. ಮುಖ ಕೆಂಪೇರಿತ್ತು. ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: “ಜಾಸ್ತಿ ಆಯ್ತಾಮ್ಮಾ?”

ಒಂಬತ್ತು ವರ್ಷ ಹಾಗೆ ಸುಖವಾಗಿ ದೂರು ಹೇಳಿಕೊಂಡಿದ್ದು, ಆಮೇಲೆ ಕೊಯಮತ್ತೂರಿನ ತಂಗಿಯ ಹತ್ತಿರ ಹೋದರು. ನಾವು ಆಮೇಲೆ ಮೂರು ಮನೆ ಬದಲಾಯಿಸಿದ್ದೇವೆ. ಇನ್ನೂ ಬಾಡಿಗೆಯೇ. ನೆಂಟರು ಕೇಳಿದಾಗೆಲ್ಲ “ನೋಡ್ತಾ ಇದ್ದೀವಿ” ಎಂದು ಮಾತು ಮರೆಸುತ್ತಿದ್ದೆ. ಏನನ್ನೂ ನೋಡುತ್ತಿರಲಿಲ್ಲ.

ಇವತ್ತು ಅವರೆಕಾಯಿ ಸುಲಿದು ಮುಗಿಯುವಷ್ಟರಲ್ಲಿ ಬಾಗಿಲ ಗಂಟೆಯಾಯಿತು. ವಾಚ್‌ಮನ್ ಹೊಸ ರಿಜಿಸ್ಟರ್ ಹಿಡಿದು ನಿಂತಿದ್ದ.

“ಓನರಾ, ಟೆನೆಂಟಾ ಮೇಡಂ?”

“ಟೆನೆಂಟ್,” ಎಂದೆ. ಧ್ವನಿ ಜೋರಾಗಿಯೇ ಬಂದಿರಬೇಕು, ಮಗಳು ಒಳಗಿನಿಂದ ಇಣುಕಿ ನೋಡಿದಳು. ವಾಚ್‌ಮನ್ ಬರೆದುಕೊಂಡು ಎದುರು ಮನೆಗೆ ಹೋದ. ನಾನು ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಳಗೆ ಬಂದೆ; ಗಾಳಿ ಚೆನ್ನಾಗಿತ್ತು.